ಪಿಯುಸಿಗೆ ಹೋದ ಮೇಲೆ ಹಾಕಿ ತಂಡದಲ್ಲಿ ಜಾಗ ಸಿಗುತ್ತಾ?

ನಮಸ್ಕಾರ ಮೇಡಂ. ವಿರಾಜಪೇಟೆಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ ಮಗಳು ಇದುವರೆಗೆ ಮಣ್ಣಿನ ಮೈದಾನದಲ್ಲೇ ಆಡಿದ್ದಾಳೆ, ಬೆಂಗಳೂರಿನ ಪಿಯು ಕಾಲೇಜು ತಂಡಕ್ಕೆ ಹೊಂದಿಕೊಳ್ಳುತ್ತಾಳಾ ಅಂತ ಕೇಳಿದ್ದೀರಿ. ಖಂಡಿತ ಹೊಂದಿಕೊಳ್ಳುತ್ತಾಳೆ, ಆದರೆ ಮೊದಲ ವರ್ಷ ಸ್ವಲ್ಪ ಕಷ್ಟ.

ಹೈಸ್ಕೂಲಿನಲ್ಲಿ 17 ವರ್ಷದೊಳಗಿನವರ ಪಂದ್ಯ, ಪಿಯುಸಿಯಲ್ಲಿ 19ರೊಳಗಿನವರದ್ದು. ಎದುರಾಳಿಗಳು ದೊಡ್ಡವರು, ಗಟ್ಟಿಗರು. ಅದಕ್ಕಿಂತ ಜಾಸ್ತಿ ಕಾಡುವುದು ಟರ್ಫ್, ಅಂದರೆ ಕೃತಕ ಹುಲ್ಲಿನ ಮೈದಾನ. ಮಣ್ಣಿನಲ್ಲಿ ಚೆಂಡು ನಿಲ್ಲಿಸಿ, ತಲೆಯೆತ್ತಿ ನೋಡಿ ಪಾಸ್ ಕೊಡಬಹುದು. ಟರ್ಫ್‌ನಲ್ಲಿ ಚೆಂಡು ವೇಗವಾಗಿ ಓಡುತ್ತದೆ, ಅಷ್ಟು ಸಮಯ ಸಿಗುವುದಿಲ್ಲ. ಚೆಂಡು ಬರುವ ಮೊದಲೇ ಯಾರಿಗೆ ಕೊಡಬೇಕು ಅಂತ ನೋಡಿಕೊಂಡಿರಬೇಕು. ಅವಳು ಮಿಡ್‌ಫೀಲ್ಡ್, ಅಂದರೆ ಮೈದಾನದ ನಡುವೆ ಆಡುವವಳು, ಅಲ್ವಾ? ಹಾಗಾದರೆ ಇದು ಇನ್ನೂ ಮುಖ್ಯ. ಪೊನ್ನಂಪೇಟೆಯಲ್ಲಿ ಟರ್ಫ್ ಇದೆ. ಈ ರಜೆಯಲ್ಲೇ ಅಲ್ಲಿ ಅಭ್ಯಾಸಕ್ಕೆ ಅವಕಾಶ ಕೇಳಿ ನೋಡಿ.

ಮೊದಲ ಹನ್ನೊಂದರಲ್ಲಿ ಹೆಸರಿಲ್ಲ ಅಂದರೆ ಬೇಜಾರಾಗಬೇಡಿ. ಹಾಕಿಯಲ್ಲಿ ಎಷ್ಟು ಸಲ ಬೇಕಾದರೂ ಆಟಗಾರರನ್ನು ಬದಲಾಯಿಸಬಹುದು, ಹಾಗಾಗಿ ಬೆಂಚಿನಲ್ಲಿರುವವರಿಗೂ ಆಟ ಸಿಗುತ್ತದೆ.

ಕಾಲೇಜಿನ ಹೆಸರು ನೋಡಿ ಸುಮ್ನೆ ಸೇರಿಸಬೇಡಿ. ಹುಡುಗಿಯರ ತಂಡಕ್ಕೆ ಕೋಚ್ ಇದ್ದಾರಾ, ಅಭ್ಯಾಸ ಎಲ್ಲಿ, ಸಂಜೆ ಹಾಸ್ಟೆಲಿಗೆ ವಾಪಸ್ ಬರುವುದು ಹೇಗೆ, ಇದನ್ನೆಲ್ಲ ಈಗಿರುವ ಆಟಗಾರ್ತಿಯರನ್ನೇ ಕೇಳಿ. ಸೈನ್ಸ್ ಆದರೆ ಲ್ಯಾಬ್ ಸಮಯವನ್ನೂ ವಿಚಾರಿಸಿ. ಜಿಲ್ಲಾ, ರಾಜ್ಯ ಮಟ್ಟದ ಸರ್ಟಿಫಿಕೇಟುಗಳು ಜೋಪಾನ, ಕ್ರೀಡಾ ಕೋಟಾಗೆ ಬೇಕಾಗುತ್ತವೆ.