ಉಪ್ಪು ಹಾಕಿದರೆ ಕಿಣ್ವ ಸತ್ತಿತು ಅಂತಲ್ಲ

ತೀರ್ಥಹಳ್ಳಿಯ ತೋಟದ ಕೊಳೆತ ಅಡಿಕೆ ಸಿಪ್ಪೆಯಿಂದ ಬೂಷ್ಟು ಬೆಳೆಸಿ, ನಾರನ್ನು ಒಡೆಯುವ ಕಿಣ್ವವಾದ ಸೆಲ್ಯುಲೇಸ್ ತೆಗೆದಿದ್ದೀರಿ. 1 ಮೋಲಾರ್ ಉಪ್ಪು ಹಾಕಿದ ಕೂಡಲೇ ಅದರ ಕೆಲಸ ಅರ್ಧಕ್ಕೆ ಇಳಿಯಿತು, ಕಿಣ್ವ ಹಾಳಾಯಿತಾ ಅಂತ ಕೇಳಿದ್ದೀರಿ. ದಯವಿಟ್ಟು ಈಗಲೇ ಚೆಲ್ಲಬೇಡಿ.

ಕೆಲಸ ಮಾಡುವುದು ಬೇರೆ, ಕೆಡದೆ ಉಳಿಯುವುದು ಬೇರೆ. 1 ಮೋಲಾರ್ ಅಂದರೆ ಲೀಟರಿಗೆ ಸುಮಾರು 58 ಗ್ರಾಂ, ಸಮುದ್ರದ ನೀರಿಗಿಂತ ಜಾಸ್ತಿ. ಅಷ್ಟು ಉಪ್ಪಿನಲ್ಲಿ ಕಿಣ್ವದ ಮೈಮೇಲಿನ ವಿದ್ಯುದಂಶಗಳ ಸೆಳೆತ ಮಂಕಾಗುತ್ತದೆ. ಕೆಲಸ ನಿಧಾನವಾಗಬಹುದು, ಆದರೆ ಉಪ್ಪು ತೆಗೆದರೆ ಎಷ್ಟೋ ಸಲ ಮೊದಲಿನಂತಾಗುತ್ತದೆ. ನಾವು ಅಮೋನಿಯಂ ಸಲ್ಫೇಟ್ ಅನ್ನುವ ಲವಣ ಹಾಕಿ ಪ್ರೋಟೀನನ್ನು ತಳಕ್ಕೆ ಕೂರಿಸಿ, ಮತ್ತೆ ಕರಗಿಸಿ ಬಳಸುವುದಿಲ್ವಾ?

ಒಂದೇ ಬೂಷ್ಟಿನ ಕಿಣ್ವಗಳೂ ಒಂದೇ ಥರ ಇರುವುದಿಲ್ಲ. ಸೋಯಾ ಸಾಸ್ ಹುದುಗುವಾಗ ಉಪ್ಪು ಶೇಕಡಾ 16–18ರಷ್ಟಿರುತ್ತದೆ. ಅಷ್ಟು ಉಪ್ಪಿನಲ್ಲೂ ಅದನ್ನು ಹುದುಗಿಸುವ ಬೂಷ್ಟು ಆಸ್ಪರ್ಜಿಲಸ್ ಒರೈಜೆಯ ಪ್ರೋಟಿಯೇಸ್‌ಗಳು (ಪ್ರೋಟೀನ್ ಒಡೆಯುವ ಕಿಣ್ವಗಳು) ತಿಂಗಳುಗಟ್ಟಲೆ ನಿಧಾನವಾಗಿ ಕೆಲಸ ಮಾಡುತ್ತವೆ. ಅದೇ ಬೂಷ್ಟಿನ ಇನ್ನೊಂದು ಕಿಣ್ವ ಗ್ಲುಟಮಿನೇಸ್ ಮಾತ್ರ ಸೊರಗಿಬಿಡುತ್ತದೆ.

ನಿಮ್ಮದು ಯಾವ ಥರ ಅಂತ ಹೀಗೆ ನೋಡಿ. ಕಿಣ್ವವನ್ನು ಉಪ್ಪಿನಲ್ಲಿ 24 ಗಂಟೆ ಇಡಿ. ಆಮೇಲೆ ಬಫರ್‌ನಲ್ಲಿ (ಪಿಎಚ್, ಅಂದರೆ ಹುಳಿ-ಕ್ಷಾರದ ಮಟ್ಟ, ಹೆಚ್ಚು ಬದಲಾಗದಂತೆ ಹಿಡಿದಿಡುವ ದ್ರಾವಣ) 20 ಪಟ್ಟು ತೆಳು ಮಾಡಿ ಅಳೆಯಿರಿ. ಹೋಲಿಕೆಗೆ ಉಪ್ಪು ಹಾಕದ ಅದೇ ಕಿಣ್ವವನ್ನೂ ಅಷ್ಟೇ ಹೊತ್ತು ಇಟ್ಟು, ಅಷ್ಟೇ ತೆಳು ಮಾಡಿ. ಎರಡೂ ಸಮ ಬಂದರೆ ಕಿಣ್ವ ಚೆನ್ನಾಗಿದೆ. ಹಾಂ, ಉಪ್ಪು ಹಾಕಿದ ಮೇಲೆ ಬಫರ್‌ನ ಪಿಎಚ್ ಮತ್ತೊಮ್ಮೆ ನೋಡಿ. ಸಿಟ್ರೇಟ್ ಬಫರ್‌ನಲ್ಲಿ ಅದು ಕೆಳಗೆ ಜಾರುತ್ತದೆ, ನಾವು ಸುಮ್ನೆ ಉಪ್ಪನ್ನು ದೂರುತ್ತೇವೆ.