ವಾಟರ್‌ಕಲರ್‌ನಲ್ಲಿ ಹಿಮ ಬಿಡಿಸಿದರೆ ಬೂದಿಯ ಹಾಗೆ ಕಾಣುತ್ತದೆ, ಯಾಕೆ?

ಅಕ್ಕ ಕಳಿಸಿದ ಫೋಟೋ ನೋಡಿ ಹಿಮ ಬಿದ್ದ ತೋಟ ಬಿಡಿಸಿದೆ, ಬಿಳಿಗೆ ಚೂರು ಕಪ್ಪು ಬೆರೆಸಿ ನೆರಳು ಹಾಕಿದೆ, ಹಿಮವೆಲ್ಲ ಬೂದಿ ಆಯಿತು ಅಂತ ಬರೆದಿದ್ದೀರಿ. ತೊಂದರೆ ಆ ಎರಡು ಟ್ಯೂಬ್‌ಗಳಲ್ಲೇ ಇದೆ. ಸದ್ಯಕ್ಕೆ ಎರಡನ್ನೂ ಪಕ್ಕಕ್ಕಿಡಿ.

ವಾಟರ್‌ಕಲರ್‌ನಲ್ಲಿ ಹಿಮ ಅಂದರೆ ಖಾಲಿ ಕಾಗದವೇ. ಬಿಸಿಲು ಬಿದ್ದ ಹಿಮಕ್ಕೆ ಕುಂಚ ಮುಟ್ಟಿಸಲೇಬಾರದು. ನಾವು ಬಿಡಿಸುವುದು ನೆರಳನ್ನು, ಮತ್ತೆ ಸುತ್ತ ಇರುವುದನ್ನು.

ನಾನಿರುವುದು ಟೊರೊಂಟೋದಲ್ಲಿ. ಮೊದಲ ಚಳಿಗಾಲದಲ್ಲಿ ನಾನೂ ಹೀಗೇ ಕಪ್ಪು ಬೆರೆಸಿ ಹಾಳೆಗಟ್ಟಲೆ ಕೆಡಿಸಿದೆ. ಆಮೇಲೆ ಒಂದು ಜನವರಿ ಮಧ್ಯಾಹ್ನ, ಅಡುಗೆಮನೆ ಕಿಟಕಿಯಿಂದ ಹಿತ್ತಲನ್ನು ಸುಮ್ನೆ ನೋಡುತ್ತಾ ನಿಂತಿದ್ದೆ. ಸೂರ್ಯ ತುಂಬಾ ಕೆಳಗಿದ್ದ. ಮರದ ಬೇಲಿಯ ನೆರಳು ಉದ್ದಕ್ಕೆ ಚಾಚಿತ್ತು. ನೋಡಿದರೆ, ನೀಲಿ! ನೆರಳಿಗೆ ನೇರ ಬಿಸಿಲು ಸಿಗಲ್ಲ, ಸಿಗುವುದು ನೀಲಿ ಆಕಾಶದ ಬೆಳಕು ಮಾತ್ರ ಅಲ್ವಾ. ಹಿಮ ಅದನ್ನೇ ನಮಗೆ ತೋರಿಸುತ್ತದೆ. ಫ್ರೆಂಚ್ ಚಿತ್ರಕಾರ ಮೋನೆ 1868–69ರಲ್ಲಿ ಬಿಡಿಸಿದ ‘ಮ್ಯಾಗ್‌ಪೈ’ ಚಿತ್ರವನ್ನು ನೆಟ್‌ನಲ್ಲಿ ದೊಡ್ಡದು ಮಾಡಿ ನೋಡಿ. ಅದು ಆಯಿಲ್ ಪೇಂಟಿಂಗ್, ಈಗ ಪ್ಯಾರಿಸ್‌ನ ಒರ್ಸೆ ಮ್ಯೂಸಿಯಂನಲ್ಲಿದೆ. ಬೇಲಿಯ ನೆರಳು ಎಷ್ಟು ಚೆಂದದ ನೀಲಿ! 1869ರ ಪ್ಯಾರಿಸ್ ಸಲೋನ್ ಪ್ರದರ್ಶನಕ್ಕೆ ಅದನ್ನು ತೆಗೆದುಕೊಳ್ಳಲಿಲ್ಲ ಅನ್ನುವುದು ನನಗೆ ಇವತ್ತಿಗೂ ಬೇಜಾರು.

300 ಜಿಎಸ್‌ಎಂ (ಅಂದರೆ ಚದರ ಮೀಟರ್‌ಗೆ 300 ಗ್ರಾಂ ತೂಗುವ, ದಪ್ಪನೆಯ) ಕಾಟನ್ ಕಾಗದ ತಗೊಳ್ಳಿ. ಮೊದಲು ಆಕಾಶಕ್ಕೆ ತೆಳುವಾಗಿ ಬಣ್ಣ ಹಾಕಿ, ಆದರೆ ಹಿಮಕ್ಕಿಂತ ಒಂದು ಪಾಲು ಗಾಢ ಇರಲಿ. ಇಲ್ಲದಿದ್ದರೆ ಹಿಮ ಎದ್ದು ಕಾಣಲ್ಲ. ಅದು ಪೂರ್ತಿ ಒಣಗಲಿ. ಇಲ್ಲಿ ಹೀಟರ್ ಗಾಳಿಗೆ ಬೇಗ ಒಣಗುತ್ತದೆ, ಊರಲ್ಲಿ ಮಳೆಗಾಲವಾದರೆ ಜಾಸ್ತಿ ಹೊತ್ತು ಕಾಯಬೇಕು.

ನೆರಳಿಗೆ ಕೋಬಾಲ್ಟ್ ಬ್ಲೂ, ಅದಕ್ಕೆ ಕಡ್ಡಿ ತುದಿಯಷ್ಟು ಬರ್ನ್ಟ್ ಸಿಯೆನ್ನಾ (ಕೆಂಪು ಮಿಶ್ರಿತ ಕಂದು), ಧಾರಾಳ ನೀರು. ಒಂದೇ ಸಲ ಎಳೆದುಬಿಡಿ, ತಿದ್ದಲು ಹೋಗಬೇಡಿ. ಬೇಲಿಗಂಬದ ಬುಡದಲ್ಲಿ ನೆರಳಿನ ಅಂಚು ಚೂಪಾಗಿರುತ್ತದೆ, ದೂರ ಹೋದಂತೆ ಮಸುಕಾಗುತ್ತದೆ. ಆ ತುದಿಯನ್ನು ಬರೀ ನೀರಿನ ಕುಂಚದಿಂದ ಸವರಿ. ಹಿಮದ ಕೆಳಗೆ ಪಾತಿ ಇದ್ದ ಕಡೆ ನೆರಳು ಏರಿ ಇಳಿಯುತ್ತದೆ. ಆ ಬಾಗು ಸರಿಯಾಗಿ ಬಂದರೆ ಸಾಕು, ಹಿಮ ಎಷ್ಟು ದಪ್ಪ ಬಿದ್ದಿದೆ ಅಂತ ನೋಡಿದವರಿಗೆ ತಾನಾಗೇ ಗೊತ್ತಾಗುತ್ತದೆ.

ನಮ್ಮ ಹಿತ್ತಲಲ್ಲಿ ಒಣಗಿದ ಹೈಡ್ರೇಂಜಿಯಾ ಹೂಗಳ ಮೇಲೆ ಒಂದೊಂದು ಹಿಮದ ಟೋಪಿ ಕೂತಿರುತ್ತದೆ. ಟೋಪಿಯ ಜಾಗ ಖಾಲಿ ಬಿಟ್ಟು, ಅದರ ಕೆಳಗಂಚಿಗೆ ಮಾತ್ರ ಒಂದು ತೆಳು ನೀಲಿ ಗೆರೆ ಎಳೆಯುತ್ತೇನೆ. ಹೂವಿನ ಕಪ್ಪಿಗೆ ಅಲ್ಟ್ರಾಮರೀನ್ ಅನ್ನುವ ಗಾಢ ನೀಲಿಯ ಜೊತೆ ಬರ್ನ್ಟ್ ಸಿಯೆನ್ನಾ.

ಬಿಳಿ ಟ್ಯೂಬ್ ಬೇಕೇ ಬೇಕು ಅಂದರೆ ಕೊನೆಯಲ್ಲಿ, ಬೀಳುತ್ತಿರುವ ಹಿಮ ತೋರಿಸಲು ನಾಲ್ಕು ಚುಕ್ಕಿ ಚಿಮುಕಿಸಿ.

ಇಡೀ ತೋಟಕ್ಕೆ ಈಗಲೇ ಕೈ ಹಾಕಬೇಡಿ. ಪೋಸ್ಟ್‌ಕಾರ್ಡ್ ಅಳತೆಯ ಕಾಗದದಲ್ಲಿ ಮೂರು ಬೇಲಿಗಂಬ, ಮೂರು ನೆರಳು ಬಿಡಿಸಿ. ಫೋಟೋ ಹಾಕಿ, ನೋಡೋಣ.