ಮಗ ಸಂಘ ಸೇರಲಿ, ತಡೆಯಬೇಡಿ

ಬೆಂಗಳೂರಿನ ವಿದ್ಯಾರಣ್ಯಪುರದ ಬಿಇಎಲ್ ಲೇಔಟಿನಿಂದ ಹಿರಿಯ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಪತಿ ಬಿಇಎಲ್ ಕಾರ್ಖಾನೆಯಿಂದ ನಿವೃತ್ತರಾದವರು, ಮಗ ಸಾಫ್ಟ್‌ವೇರ್ ಎಂಜಿನಿಯರ್. ಈಚೆಗೆ ಮಗನ ತಂಡದ ಇಬ್ಬರಿಂದ ಒಂದೇ ದಿನ ರಾಜೀನಾಮೆ ಬರೆಸಿಕೊಂಡ ಮೇಲೆ ಅವನು ಐಟಿ ನೌಕರರ ಸಂಘದ ಸದಸ್ಯನಾಗಲು ಹೊರಟಿದ್ದಾನೆ. “1980–81ರ ಮುಷ್ಕರದಲ್ಲಿ ಸಂಬಳವಿಲ್ಲದೆ ಮನೆ ನಡೆಸಿದವಳು ನಾನು. ಮಿಲ್ಲುಗಳು ಮುಚ್ಚಿದ್ದನ್ನೂ ಕಂಡಿದ್ದೇನೆ. ಕೈಯಲ್ಲಿ ವಿದ್ಯೆ ಇರುವವನಿಗೆ ಯೂನಿಯನ್ ಏಕೆ? ನೀವು ಎರಡು ಮಾತು ಬರೆದರೆ ಕೇಳಿಯಾನು” ಎಂಬುದು ಅವರ ಕೋರಿಕೆ.

ಅಮ್ಮ, ಬರೆಯುತ್ತೇನೆ. ಆದರೆ ನೀವು ಬಯಸಿದ ಮಾತನ್ನು ಬರೆಯಲಾರೆ.

ನಿಮ್ಮ ಅಳಲು ನಿಜವಾದದ್ದು. ಬಿಎಚ್‌ಇಎಲ್ ಎಂಬ ಇನ್ನೊಂದು ಕೇಂದ್ರ ಸರ್ಕಾರಿ ಉದ್ಯಮದ ನೌಕರರಿಗೆ ಸಮನಾದ ವೇತನ ಬೇಕೆಂದು ಬಿಇಎಲ್, ಎಚ್ಎಎಲ್, ಎಚ್ಎಂಟಿ, ಐಟಿಐ ಮೊದಲಾದ ಕಾರ್ಖಾನೆಗಳ ಲಕ್ಷಕ್ಕೂ ಮಿಕ್ಕ ಕಾರ್ಮಿಕರು ಹೂಡಿದ ಆ ಮುಷ್ಕರ 77 ದಿನ ನಡೆದು, ಮುಖ್ಯ ಬೇಡಿಕೆ ಈಡೇರದೆಯೇ ಮುಗಿಯಿತು. ಆ ದಿನಗಳಲ್ಲಿ ಅಂಗಡಿಯ ಸಾಲದ ಪುಸ್ತಕ ಹಿಡಿದು ನಿಂತವರು ಹೆಚ್ಚಾಗಿ ಹೆಂಗಸರು. ಕುರ್ಚಿ ಬಿಡದ ಮುಖಂಡರೂ ಪಕ್ಷಗಳ ಬಾಲ ಹಿಡಿದ ಸಂಘಗಳೂ ನಮ್ಮಲ್ಲಿವೆ, ಅದನ್ನೂ ಒಪ್ಪೋಣ.

ಆದರೆ ಆ 77 ದಿನಗಳ ಹಿಂದಿನ ಮತ್ತು ಮುಂದಿನ ವರ್ಷಗಳನ್ನು ನೀವು ಲೆಕ್ಕಕ್ಕೆ ಹಿಡಿದಿಲ್ಲ. ನಿಮ್ಮ ಯಜಮಾನರ ಸಂಬಳ ಅವರೊಬ್ಬರೇ ಹೋಗಿ ಕೇಳಿದ್ದರಿಂದ ಏರಿದ್ದಲ್ಲ. ಆಡಳಿತವೂ ಸಂಘವೂ ಎದುರುಬದುರು ಕುಳಿತು ಸಹಿ ಹಾಕಿದ ವೇತನ ಒಪ್ಪಂದಗಳಿಂದ ಏರಿದ್ದು. ಅವರನ್ನು ಒಂದು ಮಧ್ಯಾಹ್ನ ಕೋಣೆಗೆ ಕರೆದು, ಸಂಜೆಯೊಳಗೆ ಗೇಟಿನ ಹೊರಗೆ ನಿಲ್ಲಿಸುವ ಧೈರ್ಯ ಯಾವ ಅಧಿಕಾರಿಗೂ ಇರಲಿಲ್ಲ, ಏಕೆಂದರೆ ಮರುದಿನ ಬೆಳಗಿನ ಪಾಳಿಯವರೆಲ್ಲ ಕಾರಣ ಕೇಳುತ್ತಿದ್ದರು. ನಿಮ್ಮ ಮನೆಯ ಸಾಲದ ಕಂತು ತಪ್ಪದೆ ಕಟ್ಟಲು ಆದದ್ದು ಆ ನೆಮ್ಮದಿಯಿಂದ.

ಮಿಲ್ಲುಗಳನ್ನು ಯೂನಿಯನ್ನೇ ಮುಳುಗಿಸಿತು ಎಂಬ ಮಾತು ಈ ಊರಿನಲ್ಲಿ ಎಷ್ಟು ಸಲ ಕಿವಿಗೆ ಬಿದ್ದಿದೆಯೆಂದರೆ ಯಾರೂ ಅದನ್ನು ಪ್ರಶ್ನಿಸುವುದಿಲ್ಲ. ಹಳೆಯ ಯಂತ್ರಗಳನ್ನು ಬದಲಿಸದೆ ಉಳಿಸಿಕೊಂಡವರು ನೇಯುವವರಲ್ಲ. ರಾಜಾ ಮಿಲ್ ಇದ್ದ ಜಾಗದಲ್ಲಿ ಇಂದು ಮಾಲ್ ಇದೆ. ಬಟ್ಟೆಗಿಂತ ನೆಲಕ್ಕೆ ಬೆಲೆ ಬಂದ ಊರಿನಲ್ಲಿ ಮಿಲ್ ಏಕೆ ಉಳಿಯಲಿಲ್ಲ ಎಂಬುದಕ್ಕೆ ಬೇರೆ ವಿವರಣೆ ಹುಡುಕಬೇಕಾಗಿಲ್ಲ.

ಇನ್ನು “ವಿದ್ಯೆ ಇರುವವನಿಗೆ ಯೂನಿಯನ್ ಏಕೆ” ಎಂಬ ಪ್ರಶ್ನೆ. ಕಂಪನಿಯೊಂದರಿಂದ ಹೊರಬಿದ್ದ ಯುವತಿಯೊಬ್ಬರು ತಮ್ಮ ಕಡೆಯ ದಿನವನ್ನು ನನಗೆ ವಿವರಿಸಿದ್ದರು. ಹದಿನೈದು ನಿಮಿಷದ, ವಿಷಯ ನಮೂದಿಸದ ಮೀಟಿಂಗಿಗೆ ಕರೆ ಬಂತು. ಕೋಣೆಯಲ್ಲಿ ಎಚ್‌ಆರ್ ವಿಭಾಗದವರೊಬ್ಬರು, ಪಕ್ಕದಲ್ಲಿ ಮೇಜನ್ನೇ ನೋಡುತ್ತ ಕುಳಿತ ಅವರ ಮ್ಯಾನೇಜರ್. ರಾಜೀನಾಮೆ ಪತ್ರ ಮೊದಲೇ ಟೈಪಾಗಿತ್ತು. ಸಹಿ ಹಾಕಿದರೆ ರಿಲೀವಿಂಗ್ ಲೆಟರ್ ಮತ್ತು ಎರಡು ತಿಂಗಳ ಸಂಬಳ, ಇಲ್ಲವಾದರೆ ಟರ್ಮಿನೇಷನ್, ಆಮೇಲೆ ಎಲ್ಲೂ ಕೆಲಸ ಸಿಗದು ಎಂದರು. ಮನೆಯವರೊಂದಿಗೆ ಮಾತಾಡಿ ಬರುತ್ತೇನೆ ಎಂದದ್ದಕ್ಕೆ ಒಪ್ಪಲಿಲ್ಲ. ಸಹಿ ಹಾಕಿ ತಮ್ಮ ಜಾಗಕ್ಕೆ ಮರಳುವಷ್ಟರಲ್ಲಿ ಮೇಲ್ ಬಂದ್ ಆಗಿತ್ತು. ಡ್ರಾಯರಿನಲ್ಲಿದ್ದ ಊಟದ ಡಬ್ಬಿಯನ್ನು ಸೆಕ್ಯೂರಿಟಿಯವರು ತಂದುಕೊಟ್ಟರು.

ಅವರ ವಿದ್ಯೆಗೇನೂ ಕೊರತೆ ಇರಲಿಲ್ಲ. ಕಂಪನಿಗೆ ನಾವು ಬೇಕಾಗಿರುವಾಗ ವಿದ್ಯೆ ನಮ್ಮ ಪರವಾಗಿ ಮಾತಾಡುತ್ತದೆ. ಬೇಡವಾದ ದಿನ ಆ ಕೋಣೆಯಲ್ಲಿ ನಮ್ಮ ಪರವಾಗಿ ಮಾತಾಡಲು ಇನ್ನೊಬ್ಬ ಮನುಷ್ಯ ಬೇಕು. ರಾಜೀನಾಮೆಯನ್ನೇ ಏಕೆ ಬರೆಸಿಕೊಳ್ಳುತ್ತಾರೆ ಎಂಬುದನ್ನೂ ಗಮನಿಸಿ. ವರ್ಷ ತುಂಬಿದ ಕಾರ್ಮಿಕರನ್ನು ಹೆಚ್ಚುವರಿಯೆಂದು ತೆಗೆಯಬೇಕಾದರೆ ಕಾನೂನಿನ ಪ್ರಕಾರ ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ, ಪೂರೈಸಿದ ಪ್ರತಿ ವರ್ಷಕ್ಕೆ 15 ದಿನಗಳ ಸರಾಸರಿ ವೇತನದ ಪರಿಹಾರ ಕೊಡಬೇಕು. ಸಾಮಾನ್ಯವಾಗಿ ಕೊನೆಗೆ ಸೇರಿದವರನ್ನು ಮೊದಲು ತೆಗೆಯಬೇಕು. ತಾನಾಗಿ ಬಿಟ್ಟುಹೋದನೆಂದು ಬರೆಸಿಕೊಂಡರೆ ಇದಾವುದೂ ಇಲ್ಲ. ಇದು ಐಟಿಯವರಿಗೆ ಅನ್ವಯಿಸದು ಎಂದು ಹೇಳುವವರಿದ್ದಾರೆ. ಕಾನೂನಿನ ವ್ಯಾಖ್ಯೆಯಲ್ಲಿ ತಾಂತ್ರಿಕ ಕೆಲಸ ಮಾಡುವವರೂ ಸೇರಿದ್ದಾರೆ. ಹುದ್ದೆಯ ಹೆಸರಲ್ಲಿ ‘ಮ್ಯಾನೇಜರ್’ ಎಂದಿದ್ದರೂ ನ್ಯಾಯಾಲಯ ನೋಡುವುದು ಆತ ದಿನವೂ ನಿಜವಾಗಿ ಮಾಡುವ ಕೆಲಸವನ್ನು. ಆದರೆ ಒಬ್ಬೊಬ್ಬರೇ ವಕೀಲರನ್ನು ಹಿಡಿದು ವರ್ಷಗಟ್ಟಲೆ ಅಲೆಯಲು ಸಾಧ್ಯವೇ?

ಕರ್ನಾಟಕ ರಾಜ್ಯ ಐಟಿ–ಐಟಿಇಎಸ್ ನೌಕರರ ಸಂಘ, ಅಂದರೆ ಕೆಐಟಿಯು, ಹುಟ್ಟಿದ್ದೇ 2017ರಲ್ಲಿ. 2024ರ ಜುಲೈನಲ್ಲಿ ಐಟಿ ನೌಕರರನ್ನು ದಿನಕ್ಕೆ 14 ಗಂಟೆಯವರೆಗೆ ದುಡಿಸಲು ದಾರಿ ಮಾಡುವ ಕಾನೂನು ತಿದ್ದುಪಡಿಯ ಪ್ರಸ್ತಾವ ರಾಜ್ಯ ಸರ್ಕಾರದ ಮುಂದೆ ಬಂದಾಗ ಅದನ್ನು ಬಯಲಿಗೆ ತಂದು, ಸಚಿವರಲ್ಲಿಗೂ ಬೀದಿಗೂ ಹೋದದ್ದು ಈ ಸಂಘ. ಪ್ರಸ್ತಾವ ಮುಂದಕ್ಕೆ ಹೋಗಲಿಲ್ಲ. ಸಂಘದ ಸದಸ್ಯರಲ್ಲದ ಲಕ್ಷಾಂತರ ಜನ ಇಂದು ಅದರ ಫಲ ಉಣ್ಣುತ್ತಿದ್ದಾರೆ.

ಹೆಚ್ಚು ಓದದ ಹೆಣ್ಣುಮಕ್ಕಳು ಇದಕ್ಕೂ ಮೊದಲೇ ದಾರಿ ತೋರಿಸಿದ್ದರು. 2016ರ ಏಪ್ರಿಲ್‌ನಲ್ಲಿ ಭವಿಷ್ಯ ನಿಧಿಯ ಹಣ ಹಿಂಪಡೆಯುವುದಕ್ಕೆ ಕೇಂದ್ರ ಸರ್ಕಾರ ತಂದ ನಿರ್ಬಂಧವನ್ನು ಪ್ರತಿಭಟಿಸಿ ಗಾರ್ಮೆಂಟ್ಸ್ ಕಾರ್ಖಾನೆಗಳ ಸಾವಿರಾರು ಮಹಿಳೆಯರು ಹೊಸೂರು ರಸ್ತೆಗೆ ಇಳಿದರು. ಎರಡನೆಯ ದಿನವೇ ಸರ್ಕಾರ ಆದೇಶ ಹಿಂತೆಗೆದುಕೊಂಡಿತು. ಅದು ಯಾವ ಸಂಘವೂ ಕರೆ ಕೊಟ್ಟ ಹೋರಾಟವಾಗಿರಲಿಲ್ಲ, ನಿಜ. ಆದರೆ ರಸ್ತೆ ಖಾಲಿಯಾದ ಮೇಲೆ, ಮಾರನೆಯ ದಿನ ಲೈನಿನಲ್ಲಿ ಸೂಪರ್‌ವೈಸರ್ ಬೈದರೆ ಪ್ರತಿಯೊಬ್ಬಳೂ ಮತ್ತೆ ಒಂಟಿಯೇ. ಸಂಘ ಬೇಕಾಗುವುದು ಆ ಮಾರನೆಯ ದಿನಕ್ಕೆ.

ನನಗೆ ಸಿಟ್ಟು ಬರುವುದು ನಮ್ಮ ಓದಿದ ಸಮಾಜದ ಮೌನದ ಮೇಲೆ, ಅದರಲ್ಲಿ ಪತ್ರಿಕೆಗಳೂ ಸೇರಿವೆ. 2023ರಲ್ಲಿ ಎನ್.ಆರ್. ನಾರಾಯಣ ಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕೆಂದಾಗ ವಾರಗಟ್ಟಲೆ ಚರ್ಚಿಸಿದೆವು. ಆ ಚರ್ಚೆಗಳಲ್ಲಿ ದುಡಿಯುವವರ ಪ್ರತಿನಿಧಿಯನ್ನು ಕೂರಿಸಿದವರು ಎಷ್ಟು ಮಂದಿ? ಕಂಪನಿಯ ತ್ರೈಮಾಸಿಕ ಲಾಭ ಮುಖಪುಟಕ್ಕೆ ಬರುತ್ತದೆ, ಅದೇ ತ್ರೈಮಾಸಿಕದಲ್ಲಿ ಬರೆಸಿಕೊಂಡ ರಾಜೀನಾಮೆಗಳು ಒಳಪುಟಕ್ಕೂ ಬರುವುದಿಲ್ಲ. ಮನೆಗೆ ಊಟ ತಂದುಕೊಡುವ ಹುಡುಗರು ಒಟ್ಟಾಗಿ ಒತ್ತಾಯಿಸಿದ್ದರಿಂದ ಗಿಗ್ ಕಾರ್ಮಿಕರಿಗಾಗಿ 2025ರಲ್ಲಿ ರಾಜ್ಯ ಕಾಯ್ದೆಯನ್ನೇ ತಂದಿತು. ಅವರಿಂದ ಊಟ ತರಿಸಿಕೊಳ್ಳುವ ಎಂಜಿನಿಯರು ಮಾತ್ರ ತಾನು ಕಾರ್ಮಿಕನೆಂದು ಒಪ್ಪಲು ಹಿಂಜರಿಯುತ್ತಾನೆ. ನಿಮ್ಮ ಮಗ ಹಿಂಜರಿದಿಲ್ಲ, ಮತ್ತು ಅದು ಅವನು ತನಗಾಗಿ ಹೆದರಿ ಇಟ್ಟ ಹೆಜ್ಜೆಯೂ ಅಲ್ಲ. ತಂಡದ ಇಬ್ಬರಿಗಾದ ಅನ್ಯಾಯ ಕಂಡು ಇಟ್ಟದ್ದು. ಅಂಥವನನ್ನು ಬೆಳೆಸಿದ್ದಕ್ಕೆ ನೀವು ಹೆಮ್ಮೆಪಡಬೇಕು.

ಸದಸ್ಯತ್ವದ ಅರ್ಜಿಯನ್ನು ಅವನು ಈ ವಾರವೇ ತುಂಬಲಿ. ನೇಮಕಾತಿ ಪತ್ರ, ಸಂಬಳದ ಚೀಟಿಗಳು, ಅಪ್ರೈಸಲ್ ಪತ್ರಗಳು ಮನೆಯಲ್ಲೊಂದು ಪ್ರತಿ ಇರಲಿ. ಆ ಕೋಣೆಗೆ ಅವನನ್ನೂ ಕರೆದರೆ, ಅಂದೇ ಯಾವ ಕಾಗದಕ್ಕೂ ಸಹಿ ಹಾಕದೆ, ಹೇಳುವುದನ್ನು ಬರಹದಲ್ಲಿ ಕೊಡಿ ಎಂದು ಕೇಳಿ ಎದ್ದು ಬರಲಿ. ರಾಜೀನಾಮೆ ಬರೆದ ಆ ಇಬ್ಬರನ್ನೂ ಸಂಘದವರ ಬಳಿಗೆ ಕರೆದುಕೊಂಡು ಹೋಗಲಿ. ಅಲ್ಲಿಂದ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ, ಅಂದರೆ ಕಾರ್ಮಿಕ ಇಲಾಖೆಯ ಕಚೇರಿಗೆ, ದೂರು ಒಯ್ಯುವ ಕ್ರಮ ಅವರಿಗೆ ಗೊತ್ತಿದೆ.